ಅಪ್‌ಡೇಟ್: ಸ್ಪ್ರಿಂಟ್ ಕೈಬಿಟ್ಟು ಬೋರ್ಡ್ ಉಳಿಸಿಕೊಂಡೆ

ಉಡುಪಿಯಲ್ಲಿ ಮನೆಯಿಂದಲೇ ಹೋಟೆಲು, ಅಂಗಡಿಗಳ ಲೆಕ್ಕ ಬರೆಯುವ ನನ್ನಂಥ ಒಬ್ಬರಿಗೆ ಸ್ಕ್ರಮ್ (ಸಾಫ್ಟ್‌ವೇರ್ ತಂಡಗಳು ಕೆಲಸವನ್ನು ಸಣ್ಣ ಅವಧಿಗಳಾಗಿ ಯೋಜಿಸುವ ಪದ್ಧತಿ) ಹೊಂದುತ್ತದೆಯೇ ಎಂದು ಹಿಂದೆ ಕೇಳಿದ್ದೆ. ಸ್ಪ್ರಿಂಟ್, ಅಂದರೆ ಎರಡು ವಾರದ ಕೆಲಸವನ್ನು ಮೊದಲೇ ನಿಗದಿ ಮಾಡಿಕೊಳ್ಳುವುದು, ಹೊಂದಲಿಲ್ಲ: ಗಿರಾಕಿಯ ಒಂದು ಫೋನ್ ಬಂದರೆ ಸೋಮವಾರದ ಯೋಜನೆ ಬುಧವಾರಕ್ಕೇ ಹಳಸುತ್ತದೆ. ಕಾನ್‌ಬಾನ್, ಅಂದರೆ ಕೆಲಸಗಳನ್ನು ಚೀಟಿಯಲ್ಲಿ ಬರೆದು ಬೋರ್ಡಿನ ಕಾಲಂನಿಂದ ಕಾಲಂಗೆ ಸರಿಸುವ ಪದ್ಧತಿ, ಹೊಂದಿತು.

ಗೋಡೆಯ ಮೇಲೆ ನಾಲ್ಕು ಕಾಲಂ: ಬಾಕಿ, ಕೈಯಲ್ಲಿ, ಕಾಯುತ್ತಿದೆ, ಮುಗಿಯಿತು. 'ಕೈಯಲ್ಲಿ' ಕಾಲಂನಲ್ಲಿ ಒಮ್ಮೆಗೆ 3 ಚೀಟಿ, ಅಷ್ಟೇ. ಲಿಟಲ್ ನಿಯಮದ (ಕೈಯಲ್ಲಿರುವ ಕೆಲಸವನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಒಂದಕ್ಕೆ ಹಿಡಿಯುವ ಸಮಯ) ಲೆಕ್ಕ ಇದು: 6 ಚೀಟಿ ಹಿಡಿದುಕೊಂಡು ವಾರಕ್ಕೆ 2 ಮುಗಿಸಿದರೆ ಒಂದಕ್ಕೆ ಸರಾಸರಿ 3 ವಾರ, ಅದೇ ವೇಗದಲ್ಲಿ 3 ಹಿಡಿದರೆ ಒಂದೂವರೆ ವಾರ.

ಎಡವುವುದು ಚೀಟಿಯ ಗಾತ್ರದಲ್ಲಿ. 'ಹೋಟೆಲಿನ ಜಿಎಸ್‌ಟಿ' ಎಂದು ಬರೆದರೆ ಆ ಚೀಟಿ ಹತ್ತು ದಿನ ಅಲ್ಲಾಡುವುದಿಲ್ಲ ಮಾರಾಯ್ರೆ. 'ಮಾರಾಟದ ಬಿಲ್ ತರಿಸು', 'ಬ್ಯಾಂಕ್ ಸ್ಟೇಟ್‌ಮೆಂಟ್ ಜತೆ ತಾಳೆ ನೋಡು', 'ಜಿಎಸ್‌ಟಿಆರ್-1 ಸಲ್ಲಿಸು' ಎಂದು ಒಡೆಯಬೇಕು. ಒಂದೊಂದೂ 2 ಗಂಟೆ ಮೀರಬಾರದು. ತಿಂಗಳ ರಿಟರ್ನಿಗೆ ಜಿಎಸ್‌ಟಿಆರ್-1ರ (ಮಾರಾಟದ ವಿವರ) ಗಡುವು ಮುಂದಿನ ತಿಂಗಳ 11, ಜಿಎಸ್‌ಟಿಆರ್-3ಬಿಯದ್ದು (ತೆರಿಗೆಯ ಸಾರಾಂಶ) 20. ಇವಕ್ಕೆ ಕೆಂಪು ಚೀಟಿ, ಮೂಲೆಯಲ್ಲಿ ಗಡುವಿನ ಬದಲು ಶುರು ಮಾಡಬೇಕಾದ ದಿನ.

'ಕಾಯುತ್ತಿದೆ' ಕಾಲಂ ಅನ್ನು ಹಾಗೇ ಬಿಟ್ಟರೆ ಅಟ್ಟವಾಗುತ್ತದೆ, ಬೇಡದ್ದೆಲ್ಲ ಅಲ್ಲಿಗೆ. ಹಾಗಾಗಿ ಅದಕ್ಕೂ ಮಿತಿ 4, ಪ್ರತಿ ಚೀಟಿಯಲ್ಲಿ ಮತ್ತೆ ಫೋನ್ ಮಾಡುವ ದಿನಾಂಕ.

ಬೆಳಿಗ್ಗೆ 5 ನಿಮಿಷ ಬೋರ್ಡನ್ನು ಬಲದಿಂದ ಎಡಕ್ಕೆ ಓದುವುದು: ಮುಗಿಯಲು ಹತ್ತಿರವಿರುವುದೇ ಮೊದಲು. ಶನಿವಾರ 15 ನಿಮಿಷದ ರೆಟ್ರೊ, ಅಂದರೆ ವಾರ ಹೇಗೆ ಹೋಯಿತೆಂದು ಹಿಂತಿರುಗಿ ನೋಡುವುದು, ಬದಲಾವಣೆ ಒಂದೇ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಕೆಲಸದ ಗಾತ್ರಕ್ಕೆ ಅಂಕ ಕೊಡುವ ಸ್ಟೋರಿ ಪಾಯಿಂಟ್ ಪೂರ್ತಿ ಬಿಟ್ಟೆ, ಚೀಟಿ ಎಣಿಸಿದರೆ ಸಾಕು.