ಐಟಿಐ ಮುಗಿಸಿದ ತಮ್ಮ ಸಿನಿಮಾ ಲೈಟ್ ಯೂನಿಟ್‌ಗೆ ಹೋಗುತ್ತೇನೆ ಅನ್ನುತ್ತಿದ್ದಾನೆ, ಕಳಿಸಬಹುದಾ?

ತುಮಕೂರಿನ ಅಕ್ಕ:

ಎಲ್ಲರಿಗೂ ನಮಸ್ಕಾರ. ತಮ್ಮ ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ಐಟಿಐ ಮುಗಿಸಿದ್ದಾನೆ. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ ಸಿಗುವ ಹಾಗಿತ್ತು. ಅಷ್ಟರಲ್ಲಿ ದೇವರಾಯನದುರ್ಗದ ಹತ್ತಿರ ಯಾವುದೋ ಶೂಟಿಂಗ್ ಬಂತು, ಅವನ ಸ್ನೇಹಿತ ಕೇಬಲ್ ಎಳೆಯೋಕೆ ಅಂತ ನಾಲ್ಕು ದಿನ ಕರೆದುಕೊಂಡು ಹೋದ. ಬಂದ ಮೇಲೆ ಅದೇ ಜಪ. ಅಪ್ಪ "ವೈರ್ ಹೊರೋಕೆ ಐಟಿಐ ಯಾಕೆ ಓದಿದೆ" ಅಂತ ದಿನಾ ಬೈಯುತ್ತಿದ್ದಾರೆ. ಅಮ್ಮನಿಗೆ ಹೀರೋ ಜೊತೆ ಒಂದು ಫೋಟೋ ತಂದಿದ್ದರೆ ಸಾಕಿತ್ತು, ಅದೂ ಇಲ್ಲ.

ನನಗೆ ಗೊತ್ತಿರುವುದು ಹೀರೋ, ಡೈರೆಕ್ಟರ್, ಕ್ಯಾಮೆರಾಮನ್, ಅಷ್ಟೇ. ಪಿಕ್ಚರ್ ಮುಗಿದ ಮೇಲೆ ಸರಸರ ಮೇಲೆ ಹೋಗುತ್ತಲ್ಲ ಹೆಸರುಗಳು, ಅಷ್ಟು ಜನ ಏನು ಮಾಡುತ್ತಾರೆ? ಲೈಟ್‌ಮ್ಯಾನ್ ಅನ್ನುವುದು ಕಸುಬಾ, ಸುಮ್ನೆ ಕೂಲಿನಾ? ಗೊತ್ತಿದ್ದವರು ಹೇಳಿ.

ಟೇಪ್ ಹಿಡಿದವನು:

ಅಕ್ಕ, ನಾನು ಮಧುಗಿರಿ ಕಡೆಯವನು, ಫೋಕಸ್ ಪುಲ್ಲರ್. "ಕೂಲಿನಾ" ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಸೆಟ್‌ನಲ್ಲಿ 18 ಕಿಲೋವ್ಯಾಟ್‌ನ ಎಚ್‌ಎಂಐ ಲೈಟ್ ಒಂದು ಬರುತ್ತದೆ, ಕಿಟಕಿ ಆಚೆ ನಿಲ್ಲಿಸಿ ಬಿಸಿಲು ಬಂದ ಹಾಗೆ ಮಾಡೋಕೆ. 230 ವೋಲ್ಟ್‌ಗೆ ಲೆಕ್ಕ ಹಾಕಲು ತಮ್ಮನಿಗೆ ಹೇಳಿ. ಹತ್ತಿರ ಹತ್ತಿರ 80 ಆಂಪ್ಸ್, ಒಂದೇ ಲೈಟಿಗೆ! ಅಂಥವು ಎರಡು, ಅದರ ಜೊತೆ ಚಿಕ್ಕವು ಹತ್ತು ಹಾಕಿದರೆ ಜನರೇಟರ್‌ನ ಯಾವ ಫೇಸಿಗೆ ಯಾವುದು ಅಂತ ಹಂಚುವವರು ಬೇಕು, ಇಲ್ಲದಿದ್ದರೆ ಶಾಟ್ ಮಧ್ಯೆ ಕತ್ತಲೆ. ಇನ್ನು ಮಳೆ ಸೀನ್. ರಾತ್ರಿ ಎರಡು ಗಂಟೆ, ಮೇಲಿಂದ ಟ್ಯಾಂಕರ್ ನೀರು ಸುರಿಯುತ್ತಿರುತ್ತದೆ, ಕೆಳಗೆ ಕೆಸರಿನಲ್ಲಿ ಕೇಬಲ್ ಬಿದ್ದಿರುತ್ತದೆ, ಹೀರೋ ಹೀರೋಯಿನ್ ಅದರ ಪಕ್ಕದಲ್ಲೇ ಕುಣಿಯುತ್ತಿರುತ್ತಾರೆ. ಅರ್ತಿಂಗ್ ಗೊತ್ತಿರುವವನು ಆ ಹೊತ್ತಿಗೆ ದೇವರ ಸಮ. ನಿಮ್ಮ ತಂದೆಯವರಿಗೆ ಹೇಳಿ, ಐಟಿಐ ಓದಿದ್ದು ವೇಸ್ಟ್ ಆಗಲ್ಲ.

ಇದರ ಮೇಲೆ ಬೆಳಕಿನ ಬಣ್ಣದ ಲೆಕ್ಕ ಬೇರೆ ಇದೆ. ಹಗಲಿನ ಬೆಳಕು 5600 ಕೆಲ್ವಿನ್, ಹಳೆಯ ಟಂಗ್‌ಸ್ಟನ್ ದೀಪ 3200. ಎರಡೂ ಬೆರೆತರೆ ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಕ್ಯಾಮೆರಾಮನ್ "ಇಲ್ಲಿ ಸ್ವಲ್ಪ ಮೃದು ಮಾಡಿ" ಅಂದರೆ ಥರ್ಮಾಕೋಲ್ ಹಿಡಿಯಬೇಕಾ, ಬಟ್ಟೆ ಕಟ್ಟಬೇಕಾ, ಲೈಟನ್ನೇ ಹಿಂದೆ ಎಳೆಯಬೇಕಾ ಅಂತ ತಕ್ಷಣ ಹೊಳೆಯಬೇಕು. ಹಾಗೆ ಹೊಳೆಯುವವನೇ ಮುಂದೆ ಗ್ಯಾಫರ್, ಅಂದರೆ ಲೈಟಿನವರ ಮುಖ್ಯಸ್ಥ, ಆಗುವುದು. ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿಯವರು ಎರಡು ಕನ್ನಡಿಯಲ್ಲಿ ಬಿಸಿಲನ್ನು ತಿರುಗಿಸಿ ಸ್ಟುಡಿಯೋ ಒಳಗೆ ಬೆಳಕಿನ ಕಂಬ ಇಳಿಸಿದ್ದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಕ್ಯಾಮೆರಾಮನ್ ಒಬ್ಬರಿಗೆ ಅದು ಬಂದಿದ್ದು ಅದೇ ಮೊದಲು. ಆದರೆ ಆ ಕನ್ನಡಿ ಅಲ್ಲಾಡದ ಹಾಗೆ ಹಿಡಿದವರೂ ಯಾರೋ ಇದ್ದರು, ಅಲ್ವಾ?

ನನ್ನ ಕೆಲಸ ಕೇಳಿದರೆ ನಗುತ್ತೀರಿ. ಕ್ಯಾಮೆರಾದಿಂದ ನಟರ ಕಣ್ಣಿಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆಯುವುದು, ಅವರು ನಡೆದು ಬಂದ ಹಾಗೆ ಲೆನ್ಸ್ ತಿರುಗಿಸುತ್ತಾ ಇರುವುದು. ಎರಡು ಇಂಚು ತಪ್ಪಿದರೆ ಕಣ್ಣು ಮಂಜು, ಕಿವಿ ಸ್ಪಷ್ಟ. ಸರಿ ಮಾಡಿದ ದಿನ ಯಾರೂ ನನ್ನನ್ನು ನೋಡುವುದಿಲ್ಲ, ತಪ್ಪಿದ ದಿನ ಇಡೀ ಯೂನಿಟ್ ತಿರುಗಿ ನೋಡುತ್ತದೆ.

ಚಿಂತಾಮಣಿ ಸೌಂಡು:

ಎಲ್ಲರೂ ಲೈಟು, ಕ್ಯಾಮೆರಾ ಅಂತೀರಿ. ಶಬ್ದದವರನ್ನು ಯಾರೂ ಕೇಳಲ್ಲ ಬಿಡಿ.

ಡಬ್ಬಿಂಗ್ ಮಾಡುವ ಚಿತ್ರದಲ್ಲಿ ಮಾತು ಒಂದೇ ಮತ್ತೆ ಸೇರಿಸಿದರೆ ಸಾಲದು. ಸೆಟ್‌ನಲ್ಲಿ ರೆಕಾರ್ಡ್ ಆದ ಚಪ್ಪಲಿ ಸದ್ದು, ಬಳೆ ಸದ್ದು, ಲೋಟ ಇಟ್ಟ ಸದ್ದು ಎಲ್ಲಾ ಮಾತಿನ ಜೊತೆಗೇ ಹೋಗಿಬಿಡುತ್ತದೆ. ಅದನ್ನು ಪರದೆ ನೋಡಿಕೊಂಡು ಒಂದೊಂದಾಗಿ ಮತ್ತೆ ಹುಟ್ಟಿಸುವವರು ಫೋಲಿ ಕಲಾವಿದರು. ನಾನು ಅವರ ಸ್ಟುಡಿಯೋದಲ್ಲಿ ಸಹಾಯಕ. ಕುದುರೆ ಓಟಕ್ಕೆ ತೆಂಗಿನ ಚಿಪ್ಪು ಅನ್ನುವುದು ಎಲ್ಲರಿಗೂ ಗೊತ್ತು. ರಾಗಿ ಹೊಲದಲ್ಲಿ ನಡೆಯುವುದಕ್ಕೆ ಊರಿಂದ ಒಣ ರಾಗಿ ಹುಲ್ಲು ಒಂದು ಮೂಟೆ ತಂದಿದ್ದೆ, ಈಗಲೂ ಸ್ಟುಡಿಯೋ ಮೂಲೆಯಲ್ಲಿದೆ, ಅದನ್ನು ಎಸೆಯೋಕೆ ಯಾರಿಗೂ ಬಿಡಲ್ಲ.

ಈಗ ಸಿಂಕ್ ಸೌಂಡ್ ಚಿತ್ರಗಳೂ ಬರುತ್ತಿವೆ, ಅಂದರೆ ಮಾತನ್ನು ಸ್ಥಳದಲ್ಲೇ ಹಿಡಿಯುವುದು. ಅಲ್ಲಿ ನಮಗೂ ಲೈಟಿನವರಿಗೂ ದಿನಾ ಜಗಳ. ಜನರೇಟರ್ ದೂರ ನಿಲ್ಲಿಸಿ ಅಂತ ನಾವು, ಅಷ್ಟುದ್ದ ಕೇಬಲ್ ಎಳೆದರೆ ವೋಲ್ಟೇಜ್ ಬೀಳುತ್ತದೆ ಅಂತ ಅವರು. ಇಬ್ಬರದೂ ನಿಜ. ನಿಮ್ಮ ತಮ್ಮ ಬಂದರೆ ದಪ್ಪ ಕೇಬಲ್ ತರೋಕೆ ಹೇಳಿ ಅಕ್ಕ!

ಕೋಲಾರದವನು:

ಬರೀ ಚೆಂದದ ಕಥೆ ಹೇಳಬೇಡಿ ಸ್ವಾಮಿ. ನಾನು ಮೂರು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೆ. ಹೆಸರು ದೊಡ್ಡದು. ಕೆಲಸ ಅಂದರೆ ಕ್ಲಾಪ್ ಹೊಡೆಯುವುದು, ಹಿಂದಿನ ಶಾಟ್‌ನಲ್ಲಿ ಅಂಗಿ ತೋಳು ಮಡಚಿತ್ತಾ, ಲೋಟದಲ್ಲಿ ಕಾಫಿ ಎಷ್ಟಿತ್ತು ಅಂತ ಬರೆದಿಡುವುದು, ಜೂನಿಯರ್ ಆರ್ಟಿಸ್ಟ್‌ಗಳನ್ನು ನಿಲ್ಲಿಸುವುದು. ಕ್ಲಾಪ್ ಸ್ಟೈಲ್‌ಗೆ ಹೊಡೆಯುವುದಲ್ಲ ಅಂತ ಗೊತ್ತಾಗಿದ್ದೂ ಅಲ್ಲೇ. ಆ "ಟಪ್" ಸದ್ದನ್ನೂ ಹಲಗೆ ಮುಚ್ಚಿದ ಚಿತ್ರವನ್ನೂ ಎಡಿಟಿಂಗ್‌ನಲ್ಲಿ ಒಂದಕ್ಕೊಂದು ಕೂರಿಸಿ ಮಾತು, ತುಟಿ ಹೊಂದಿಸುತ್ತಾರೆ. ಕಲಿತಿದ್ದು ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಕೊನೆಯ ಚಿತ್ರ ಅರ್ಧಕ್ಕೆ ನಿಂತಿತು, ನನ್ನ ನಾಲ್ಕು ತಿಂಗಳ ದುಡ್ಡು ಇನ್ನೂ ಬಂದಿಲ್ಲ. ಈಗ ಊರಲ್ಲಿ ಟೊಮೆಟೊ ಹಾಕಿದ್ದೇನೆ. ಅದರಲ್ಲೂ ರೇಟು ಗ್ಯಾರಂಟಿ ಇಲ್ಲ, ಆ ಮಾತು ಬೇರೆ.

ಅಕ್ಕ, ಒಂದು ವ್ಯತ್ಯಾಸ ತಿಳಿದುಕೊಳ್ಳಿ. ನಮ್ಮಂಥವರು ನಿರ್ಮಾಪಕರನ್ನೇ ನಂಬಿ ಕೂರಬೇಕು. ಲೈಟ್‌ಮ್ಯಾನ್ ಸಾಮಾನ್ಯವಾಗಿ ಲೈಟ್ ಬಾಡಿಗೆಗೆ ಕೊಡುವ ಯೂನಿಟ್ ಜೊತೆ ಬರುತ್ತಾನೆ, ಈ ಚಿತ್ರ ನಿಂತರೂ ಯೂನಿಟ್ ಇನ್ನೊಂದಕ್ಕೆ ಹೋಗುತ್ತದೆ. ಬಾಟಾ, ಅಂದರೆ ಭತ್ಯೆ, ದಿನದ ಲೆಕ್ಕ. ಆದರೂ ಎಷ್ಟು ದಿನ, ಎಷ್ಟು ರಾತ್ರಿ ಅಂತ ಅವನೇ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ, ಮೇಸ್ತ್ರಿಯ ಲೆಕ್ಕ ನಂಬಿ ಕೂರಬಾರದು. ಮತ್ತೆ ಅಪ್ರೆಂಟಿಸ್ ಬಿಡಬೇಡಿ. ಅದು ಮುಗಿಸಿಕೊಂಡೇ ಹೋಗಲಿ, ಶೂಟಿಂಗ್ ಎಲ್ಲೂ ಓಡಿಹೋಗಲ್ಲ.

ತುಮಕೂರಿನ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. 18 ಕಿಲೋವ್ಯಾಟ್ ಲೆಕ್ಕ ಊಟಕ್ಕೆ ಕೂತಾಗ ಕೇಳಿದೆ. ಅವನು ಬಾಯಲ್ಲೇ 78 ಅಂದ. ಅಪ್ಪ ತಟ್ಟೆಯಿಂದ ತಲೆ ಎತ್ತಿ "ನಮ್ಮ ಬೋರ್‌ವೆಲ್ ಮೋಟರ್‌ಗಿಂತ ಜಾಸ್ತಿನಾ?" ಅಂದರು. ಹದಿನೈದು ದಿನದಲ್ಲಿ ಅವರು ಅವನ ಜೊತೆ ಬೈಗುಳ ಇಲ್ಲದೆ ಆಡಿದ ಮೊದಲ ಮಾತು ಅದು. ಅಪ್ರೆಂಟಿಸ್‌ಗೆ ಸೋಮವಾರ ಹೋಗುತ್ತಾನಂತೆ. ಮಳೆ ಸೀನ್ ವಿಷಯ ಮಾತ್ರ ಅಮ್ಮನಿಗೆ ಹೇಳಿಲ್ಲ.