ಇಟಾಲಿಯನ್ ಬ್ರೊಕೊಲಿ ಸೊಪ್ಪು 35 ದಿನಕ್ಕೇ ಹೂ ಬಿಟ್ಟಿದೆ, ಗೊಬ್ಬರ ಕಮ್ಮಿಯಾಯ್ತಾ?

ಜಯನಗರ ತಾರಸಿ:
ನಮಸ್ಕಾರ. ಎರಡು ಬೀಜದ ಪ್ಯಾಕೆಟ್, ಎರಡರ ಮೇಲೂ ‘ಇಟಾಲಿಯನ್ ಸ್ಪ್ರೌಟಿಂಗ್ ಬ್ರೊಕೊಲಿ’ ಅಂತಷ್ಟೇ ಇದೆ. ಅಕ್ಟೋಬರ್ ಮೊದಲ ವಾರ ಬಿತ್ತಿ, 12 ಇಂಚಿನ ಗ್ರೋ ಬ್ಯಾಗಿಗೆ ಒಂದೊಂದರಂತೆ ಎಂಟು ಸಸಿ ನೆಟ್ಟಿದ್ದು. ಆರು ಗಂಟೆ ಬಿಸಿಲಿದೆ. ಐದು ಗಿಡ ಪೆನ್ಸಿಲ್ ದಪ್ಪದ ದಂಟು ಎತ್ತಿ ಹಳದಿ ಹೂ ಬಿಟ್ಟಿವೆ, ಹೂಕೋಸಿನಂಥ ಗಡ್ಡೆ ಕಟ್ಟಲೇ ಇಲ್ಲ. ಉಳಿದ ಮೂರರಲ್ಲಿ ಬರೀ ಎಲೆ, ಅದರ ತುಂಬ ಗಾಜು ಕೂರಿಸಿದ ಹಾಗೆ ಸಣ್ಣ ಸಣ್ಣ ಕಲೆ. ಗೊಬ್ಬರ ಕಮ್ಮಿಯಾಯ್ತಾ, ಬೀಜವೇ ಸರಿ ಇಲ್ವಾ?

ಕೆಂಪುಮಣ್ಣು:
ಗೊಬ್ಬರದ ಮಾತು ಆಮೇಲೆ. ಮೊದಲು ಎಲೆ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನೆಲೆ ಮೇಲಿನ ಹಾಗೆ ಹನಿ ಗುಂಡಗೆ ಉರುಳಿ ಬಿದ್ದರೆ ಅದು ಎಲೆಕೋಸಿನ ಜಾತಿ, ಬ್ರಾಸಿಕಾ ಓಲರೇಸಿಯಾ. ಎಲೆ ಬೂದು ಮಿಶ್ರಿತ ಹಸಿರು, ಮೇಣದ ಪದರ ಇರುತ್ತೆ. ಹನಿ ಹರಡಿಕೊಂಡರೆ, ಎಲೆ ತೆಳ್ಳಗೆ, ಸ್ವಲ್ಪ ಸುಂಕು ಇದ್ದರೆ ಅದು ಬ್ರಾಸಿಕಾ ರಾಪಾ, ಅಂದರೆ ಟರ್ನಿಪ್ ಕುಲ. ಇಟಲಿಯಲ್ಲಿ ಇದಕ್ಕೆ ಚೀಮೆ ದಿ ರಾಪಾ ಅಂತಾರೆ. ಪ್ಯಾಕೆಟ್ ಹೆಸರಲ್ಲಿ ಬ್ರೊಕೊಲಿ ಸೇರಿಕೊಂಡಿದೆಯೇ ಹೊರತು ಗಡ್ಡೆ ಕಟ್ಟುವ ಗಿಡವೇ ಅಲ್ಲ.

ಇದರ ತಳಿಗಳ ಹೆಸರೇ ಕ್ವಾರಾಂತೀನಾ, ಸೆಸ್ಸಾಂತೀನಾ, ನೊವಾಂತೀನಾ: ನಲವತ್ತು, ಅರವತ್ತು, ತೊಂಬತ್ತು ದಿನದವು. ನಿಮ್ಮದು ನಲವತ್ತರ ತಳಿಯಾಗಿದ್ದರೆ 35 ದಿನಕ್ಕೆ ಮೊಗ್ಗು ಬಂದದ್ದು ಸರಿಯಾಗೇ ಇದೆ, ಕೊಯ್ಲು ತಡವಾಗಿದೆ ಅಷ್ಟೇ. ಮೊಗ್ಗಿನ ಗೊಂಚಲು ಐದು ರೂಪಾಯಿ ನಾಣ್ಯದಷ್ಟು ಅಗಲವಾದಾಗ, ಹಳದಿ ಬಣ್ಣ ಇಣುಕುವ ಮುಂಚೆ, ನಾಲ್ಕೈದು ಇಂಚು ದಂಟಿನ ಸಮೇತ ಕತ್ತರಿಸಬೇಕು. ಬುಡದಲ್ಲಿ ಮೂರ್ನಾಲ್ಕು ಎಲೆ ಬಿಡಿ, ಆ ಎಲೆಗಳ ಕಂಕುಳಲ್ಲೇ ಮುಂದಿನ ಚಿಗುರು ಬರೋದು. ಕತ್ತರಿ ಓರೆಯಾಗಿ ಹಿಡಿಯಿರಿ. ಚಪ್ಪಟೆ ಕತ್ತರಿಸಿದರೆ ದಂಟಿನ ತುದಿಯಲ್ಲಿ ನೀರು ನಿಂತು ಕೊಳೆಯುತ್ತೆ.

ಇನ್ನೊಂದು ತಪ್ಪು, ರಾಪಾ ಸಸಿಯನ್ನು ಕಿತ್ತು ನೆಟ್ಟಿದ್ದು. ಬೇರಿಗೆ ಪೆಟ್ಟಾದರೆ, ಮಣ್ಣು ಒಂದೆರಡು ಸಲ ಪೂರ್ತಿ ಒಣಗಿದರೆ ಗಿಡ ಬೆಳೆಯೋದು ಬಿಟ್ಟು ಹೂವಿಗೆ ಹೊರಡುತ್ತೆ. ಎರಡಡಿ ಉದ್ದದ ಟಬ್ಬಿನಲ್ಲಿ ಅರ್ಧ ಇಂಚು ಆಳಕ್ಕೆ ಎರಡು ಸಾಲು ನೇರವಾಗಿ ಬಿತ್ತಿ, ಮೂರನೇ ಎಲೆ ಬಂದಾಗ ಐದಿಂಚಿಗೊಂದು ಉಳಿಸಿ ಮಿಕ್ಕಿದ್ದು ಕಿತ್ತು ಸಾರಿಗೆ ಹಾಕಿ. ಹದಿನೈದು ದಿನಕ್ಕೊಂದು ಟಬ್ಬು ಬಿತ್ತುತ್ತಾ ಹೋದರೆ ಅಡುಗೆಮನೆಗೆ ಬಿಡುವಿಲ್ಲ. ಬೆಂಗಳೂರಲ್ಲಿ ಡಿಸೆಂಬರ್ ಕೊನೆವರೆಗೂ ಬಿತ್ತಬಹುದು. ಅದಾದ ಮೇಲೆ ಬಿತ್ತಿದರೆ ಕೊಯ್ಲು ಫೆಬ್ರವರಿ ಬಿಸಿಲಿಗೆ ಸಿಕ್ಕಿ ಸೊಪ್ಪು ಬೇವಿನಷ್ಟು ಕಹಿ.

ಸೊಪ್ಪಿನ ಬುಟ್ಟಿ:
ಆ ಗಾಜಿನ ಕಲೆ ರೋಗ ಅಲ್ಲ, ಹುಳ. ಎಲೆಕೋಸಿಗೆ ಬರುವ ವಜ್ರಬೆನ್ನಿನ ಪತಂಗದ ಮರಿ ಎಲೆಯ ತಳದಿಂದ ಹಸಿರನ್ನು ಕೆರೆದು ತಿಂದು ಮೇಲಿನ ಪೊರೆ ಮಾತ್ರ ಬಿಡುತ್ತೆ. ಎಲೆ ಮಗುಚಿ ಕಡ್ಡಿಯಿಂದ ಮುಟ್ಟಿ: ತಿಳಿಹಸಿರು ಹುಳ ಹಿಂದಕ್ಕೆ ಒದ್ದಾಡಿ ನೂಲು ಬಿಟ್ಟು ಜೋತಾಡಿದರೆ ಅದೇ. ಎಂಟು ಗಿಡಕ್ಕೆ ಕೈಯಲ್ಲಿ ಆರಿಸಿದರೂ ಸಾಕು. ಜಾಸ್ತಿ ಇದ್ದರೆ ಬಿಟಿ (ಹುಳ ಕೊಲ್ಲುವ ಬ್ಯಾಕ್ಟೀರಿಯಾ) ಪುಡಿ ಲೀಟರಿಗೆ 1ರಿಂದ 2 ಗ್ರಾಂ, ಎಲೆಯ ತಳಕ್ಕೆ ತಾಗುವ ಹಾಗೆ, ಸಂಜೆ ಐದರ ಮೇಲೆ. ಬಿಸಿಲಿಗೆ ಬಿಟಿ ಬೇಗ ಸತ್ವ ಕಳೆದುಕೊಳ್ಳುತ್ತೆ, ಬೆಳಗ್ಗೆ ಹೊಡೆದರೆ ದುಡ್ಡು ದಂಡ. ವಾರ ಬಿಟ್ಟು ಇನ್ನೊಂದು ಸಲ. ಪಕ್ಕದಲ್ಲಿ ಒಂದು ಟ್ರೇ ಸಾಸಿವೆ ಬಿತ್ತಿಡಿ, ಪತಂಗ ಮೊಟ್ಟೆ ಇಡೋಕೆ ಅಲ್ಲಿಗೇ ಹೋಗುತ್ತೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಲೆಕೋಸು ರೈತರಿಗೆ 25 ಸಾಲಿಗೊಮ್ಮೆ ಸಾಸಿವೆ ಹಾಕಿ ಅನ್ನೋದು ಇದೇ ಲೆಕ್ಕದಲ್ಲಿ. ಆದರೆ ಆ ಸಾಸಿವೆಗೂ ಔಷಧಿ ಹೊಡೆಯಬೇಕು, ಇಲ್ಲದಿದ್ದರೆ ನೀವೇ ಹುಳ ಸಾಕಿದ ಹಾಗೆ.

ಮಲ್ಲೇಶ್ವರ ಬಾಲ್ಕನಿ:
ಬೆಳೆಯೋಕೆ ಹಿಂಡಿ ನೀರು ಕೊಡಿ. ಕಡಲೆಕಾಯಿ ಹಿಂಡಿ 100 ಗ್ರಾಂ, ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ವಾರಕ್ಕೆರಡು ಸಲ.

ಕೆಂಪುಮಣ್ಣು:
ವಾರಕ್ಕೆರಡು ಸಲ ಬೇಡವೇ ಬೇಡ. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗಾಗಿ, ಮೊಗ್ಗಿನ ಸಂದಿಗೆ ಬೂದುಬಣ್ಣದ ಗಿಡಹೇನು ತುಂಬಿಕೊಳ್ಳುತ್ತೆ. ಒಮ್ಮೆ ಗೊಂಚಲೊಳಗೆ ಹೊಕ್ಕರೆ ಉಪ್ಪುನೀರಲ್ಲಿ ಎಷ್ಟು ಅದ್ದಿದರೂ ಪೂರ್ತಿ ಹೋಗಲ್ಲ. ಅದೇ ಹಿಂಡಿ ನೀರು ಬ್ಯಾಗಿಗೆ ಅರ್ಧ ಲೀಟರ್, 12 ದಿನಕ್ಕೊಮ್ಮೆ, ಸಾಕು. ಮಣ್ಣು ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೇಲೊಂದು ಹಿಡಿ ಬೇವಿನ ಹಿಂಡಿ. ಬೋರ್‌ವೆಲ್ ನೀರು ಹಾಕಿ ಬ್ಯಾಗಿನ ಅಂಚಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ಮಳೆನೀರಲ್ಲೋ ಕಾವೇರಿ ನೀರಲ್ಲೋ ತಿಂಗಳಿಗೊಮ್ಮೆ ತಳದಿಂದ ಧಾರಾಳವಾಗಿ ಹರಿಯುವಷ್ಟು ತೊಳೆಯಿರಿ. ದಂಟು ಕತ್ತರಿಸಿದಾಗ ಒಳಗೆ ಟೊಳ್ಳಾಗಿ ಕಂದು ಬಣ್ಣ ಕಂಡರೆ ಬೋರಾನ್ ಕೊರತೆ. ಬೋರಾಕ್ಸ್ ಲೀಟರಿಗೆ 1 ಗ್ರಾಂ, ಒಂದೇ ಸಲ ಎಲೆಗೆ. ಎರಡನೇ ಸಲದ ಆಸೆ ಬೇಡ, ಹೆಚ್ಚಾದರೆ ಎಲೆ ಅಂಚು ಸುಡುತ್ತೆ.

ಜಯನಗರ ತಾರಸಿ:
ನೀರು ಬಿಟ್ಟು ನೋಡಿದೆ. ಹೂ ಬಿಟ್ಟ ಐದರಲ್ಲಿ ಹರಡ್ತು, ಮೂರರಲ್ಲಿ ಉರುಳ್ತು. ಹುಳವೂ ಜೋತಾಡ್ತು! ಈಗ ಆ ಐದನ್ನ ಕೀಳೋದಾ? ಮೂರಕ್ಕೆ ಎಷ್ಟು ದಿನ ಕಾಯಬೇಕು?

ಸೊಪ್ಪಿನ ಬುಟ್ಟಿ:
ಕೀಳಬೇಡಿ. ಕೆಳಗಿನ ಮೂರು ಎಲೆ ಬಿಟ್ಟು ಇವತ್ತೇ ಕತ್ತರಿಸಿ, ಸಣ್ಣ ಚಿಗುರು ಒಂದು ಕೊಯ್ಲು ಬರುತ್ತೆ. ಕತ್ತರಿಸಿದ ಹೂವೂ ತಿನ್ನಬಹುದು, ಬಲಿತ ದಂಟಿನ ಸಿಪ್ಪೆ ಮಾತ್ರ ಎಳೆದು ತೆಗೆಯಿರಿ. ಉಪ್ಪು ಹಾಕಿದ ಕುದಿಯುವ ನೀರಲ್ಲಿ ಎರಡು ನಿಮಿಷ ಅದ್ದಿದರೆ ಕಹಿ ಇಳಿಯುತ್ತೆ. ಅವರೆಕಾಳಿನ ಜೊತೆ ಬಸ್ಸಾರಿಗೆ ಆ ಕಹಿಯೇ ಚೆಂದ.

ಮೂರು ಓಲರೇಸಿಯಾ ಗಿಡಕ್ಕೆ ಅವಸರ ಇಲ್ಲ. ನಡುವಿನ ಗೊಂಚಲು ಚಿಕ್ಕದಾಗಿ ಬಂದ ಕೂಡಲೇ ಕತ್ತರಿಸಿಬಿಡಿ, ಹೂಕೋಸಿನಷ್ಟು ದಪ್ಪ ಆಗಲಿ ಅಂತ ಕಾಯಬೇಡಿ; ಪಕ್ಕದ ಚಿಗುರುಗಳೇ ಅದರ ನಿಜವಾದ ಫಸಲು. ಗೊಂಚಲೇ ಬಾರದೆ ಉದ್ದುದ್ದ ಎಲೆ ಬರ್ತಾ ಇದ್ದರೆ ಅದು ನೇಪಲ್ಸ್ ಕಡೆಯ ಸ್ಪಿಗರಿಯೆಲ್ಲೊ, ಎಲೆಗೇ ಬೆಳೆಯೋದು. ಹೊರಗಿನ ಎಲೆ ಮುರಿಯುತ್ತಾ, ತುದಿಯ ಆರೇಳು ಎಲೆ ಉಳಿಸಿಕೊಳ್ಳಿ.