ಪದಚರ್ಚೆ: ‘ಕ್ಯಾಟಲಿಸ್ಟ್ ಲೋಡಿಂಗ್’, ‘ಟರ್ನೋವರ್ ನಂಬರ್’ – ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಪಲ್ಲಾಡಿಯಂ ವೇಗವರ್ಧಕಗಳ ಮೇಲೆ ಕೆಲಸ ಮಾಡಿದ ರಸಾಯನವಿಜ್ಞಾನಿಯೊಬ್ಬರ ಸಂಶೋಧನಾ ಪರಿಚಯದ ಕನ್ನಡ ಕರಡಿನಲ್ಲಿ ‘ಶೇ. 3 ವೇಗವರ್ಧಕದ ಹೊರೆ’, ‘ವಹಿವಾಟು ಸಂಖ್ಯೆ 30’, ‘ಉತ್ಕರ್ಷಕ ಸಂಕಲನ’ (ಆಕ್ಸಿಡೇಟಿವ್ ಅಡಿಷನ್), ‘ಸಾವಯವ ಲೋಹ’ (ಆರ್ಗನೋಮೆಟಾಲಿಕ್) ಎಂದೆಲ್ಲ ಇದೆ. ಇವು ನಡೆಯುತ್ತವೆಯೇ?

ಉತ್ತರ: ‘ಹೊರೆ’ ಬೇಡ, ‘ಪ್ರಮಾಣ’ ಸಾಕು. ಆದರೆ ‘ಮೋಲ್’ (ತೂಕವಲ್ಲ, ಅಣುಗಳ ಎಣಿಕೆಯ ಅಳತೆ) ಬಿಟ್ಟುಹೋಗಿದೆಯಲ್ಲ, ಅದೇ ದೊಡ್ಡ ಎಡವಟ್ಟು. ಬ್ರೋಮಿನ್ ಸಂಯುಕ್ತವೊಂದನ್ನು ಬೋರಾನಿಕ್ ಆಮ್ಲದೊಂದಿಗೆ ಪಲ್ಲಾಡಿಯಂ ನೆರವಿನಿಂದ ಬೆಸೆಯುವ ಸುಜುಕಿ–ಮಿಯೌರಾ ಜೋಡಣೆಯನ್ನೇ ನೋಡಿ. 4-ಬ್ರೋಮೊಅನಿಸೋಲ್ 187 ಮಿ.ಗ್ರಾಂ, ಅಂದರೆ 1 ಮಿಲಿಮೋಲ್. ಫಿನೈಲ್‌ಬೋರಾನಿಕ್ ಆಮ್ಲ 1.2 ಮಿಲಿಮೋಲ್, 146 ಮಿ.ಗ್ರಾಂ, ಪೊಟ್ಯಾಸಿಯಂ ಕಾರ್ಬೊನೇಟ್ 2 ಮಿಲಿಮೋಲ್, 276 ಮಿ.ಗ್ರಾಂ. ವೇಗವರ್ಧಕವಾದ ಟೆಟ್ರಾಕಿಸ್(ಟ್ರೈಫಿನೈಲ್‌ಫಾಸ್ಫೀನ್)ಪಲ್ಲಾಡಿಯಂ 3 ಮೋಲ್ ಶೇಕಡಾ ಎಂದರೆ 0.03 ಮಿಲಿಮೋಲ್. ಅದರ ಅಣುತೂಕ ಸುಮಾರು 1156, ಹಾಗಾಗಿ 35 ಮಿ.ಗ್ರಾಂ ತೂಗಬೇಕು. ಬರೀ ‘ಶೇ. 3’ ಎಂದು ಓದಿದವರು 4-ಬ್ರೋಮೊಅನಿಸೋಲಿನ ತೂಕದ ಶೇ. 3 ಎಂದುಕೊಂಡು 5.6 ಮಿ.ಗ್ರಾಂ ಹಾಕುತ್ತಾರೆ, ಆರರಲ್ಲೊಂದು ಪಾಲೂ ಆಗಲಿಲ್ಲ. ಕ್ರಿಯೆ ಅರ್ಧಕ್ಕೇ ನಿಂತರೆ ದೂರು ವೇಗವರ್ಧಕದ ಮೇಲೆ!

‘ವಹಿವಾಟು’ ಅಂಗಡಿಯ ಮಾತು. ಒಂದೊಂದು ಪಲ್ಲಾಡಿಯಂ ಪರಮಾಣು ಎಷ್ಟು ಸಲ ಚಕ್ರ ಮುಗಿಸಿತು ಎಂಬುದೇ ಇಲ್ಲಿನ ಲೆಕ್ಕ, ಆದ್ದರಿಂದ ‘ಸುತ್ತುಸಂಖ್ಯೆ’ ಎನ್ನಬಹುದು. ಮೇಲಿನ ಕ್ರಿಯೆಯಲ್ಲಿ ಇಳುವರಿ ಶೇ. 90 ಬಂದರೆ 0.9 ಭಾಗಿಸು 0.03, ಅಂದರೆ 30. ಅದು 6 ಗಂಟೆಯಲ್ಲಿ ಆಗಿದ್ದರೆ ‘ಸುತ್ತುದರ’ (ಟರ್ನೋವರ್ ಫ್ರೀಕ್ವೆನ್ಸಿ) ಗಂಟೆಗೆ 5. ಕರಡುಗಳಲ್ಲಿ ಇವೆರಡೂ ಒಂದೇ ಆಗಿಬಿಡುತ್ತವೆ, ಎಚ್ಚರ.

‘ಉತ್ಕರ್ಷಕ’ ಎಂದರೆ ಉತ್ಕರ್ಷಿಸುವ ವಸ್ತು; ಓದುಗರಿಗೆ ಅದನ್ನೇ ಸೇರಿಸಿದಂತೆ ಕೇಳಿಸುತ್ತದೆ. ‘ಉತ್ಕರ್ಷಣ ಸಂಕಲನ’ ಮೇಲು, ಅದಕ್ಕೆ ಜೋಡಿಯಾಗಿ ‘ಅಪಕರ್ಷಣ ವಿಲೋಪನ’ (ರಿಡಕ್ಟಿವ್ ಎಲಿಮಿನೇಷನ್). ಇಲ್ಲಿ ಆಮ್ಲಜನಕದ ಪಾತ್ರವೇ ಇಲ್ಲ ಎಂದು ಒಂದು ಸಾಲು ಸೇರಿಸಿ: ಕಾರ್ಬನ್–ಬ್ರೋಮಿನ್ ಬಂಧದ ನಡುವೆ ಪಲ್ಲಾಡಿಯಂ ಹೊಕ್ಕು, ಅದರ ಉತ್ಕರ್ಷಣ ಸ್ಥಿತಿ 0ಯಿಂದ +2ಕ್ಕೆ ಏರುತ್ತದೆ, ಅಷ್ಟೆ. ಆಮ್ಲಜನಕ ನಿಜಕ್ಕೂ ಒಳಬಂದರೆ ಕೆಲಸ ಕೆಡುತ್ತದೆ. ಪಲ್ಲಾಡಿಯಂಗೆ ಅಂಟಿರುವ ಫಾಸ್ಫೀನ್ ಆಕ್ಸೈಡಾಗುತ್ತದೆ, ಆಸರೆ ತಪ್ಪಿದ ಲೋಹ ಕಪ್ಪು ಪುಡಿಯಾಗಿ ತಳ ಸೇರುತ್ತದೆ, ಬೋರಾನಿಕ್ ಆಮ್ಲ ತನ್ನೊಂದಿಗೆ ತಾನೇ ಜೋಡಿಯಾಗಿ ಬೈಫಿನೈಲ್ ಕೊಡುತ್ತದೆ. ಡಯಾಕ್ಸೇನ್–ನೀರಿನ ಮಿಶ್ರಣದಲ್ಲಿ ವೇಗವರ್ಧಕ ಹಾಕುವ ಮೊದಲೇ 15–20 ನಿಮಿಷ ಆರ್ಗಾನ್ ಹಾಯಿಸುವುದು ಇದಕ್ಕೇ. ಅಂದಹಾಗೆ, ಹಳದಿಯಾಗಿರಬೇಕಾದ ವೇಗವರ್ಧಕದ ಪುಡಿ ಕಂದು ಬಣ್ಣಕ್ಕೆ ತಿರುಗಿದ್ದರೆ ತೂಗುವುದೇ ವ್ಯರ್ಥ.

‘ಸಾವಯವ ಲೋಹ’ ಎಂದೊಡನೆ ಸಾವಯವ ತರಕಾರಿ ನೆನಪಾಗುತ್ತದೆ. ‘ಕಾರ್ಬನ್–ಲೋಹ ಸಂಯುಕ್ತ’ ಎನ್ನಿ. ಕಾರ್ಬನ್ನಿಗೂ ಲೋಹಕ್ಕೂ ನೇರ ಬಂಧ ಇರಬೇಕು ಎಂಬುದು ಹೆಸರಿನಲ್ಲೇ ಬರುತ್ತದೆ. ಆ ಅಳತೆಗೋಲಿನಲ್ಲಿ ಸೀಸೆಯಲ್ಲಿರುವ ಹಳದಿ ಪುಡಿ ಈ ಗುಂಪಿಗೆ ಸೇರುವುದಿಲ್ಲ, ಅದರಲ್ಲಿ ಪಲ್ಲಾಡಿಯಂ ಹಿಡಿದಿರುವುದು ರಂಜಕವನ್ನು. ಉತ್ಕರ್ಷಣ ಸಂಕಲನವಾದ ಮೇಲಷ್ಟೇ ಕಾರ್ಬನ್–ಪಲ್ಲಾಡಿಯಂ ಬಂಧ ಹುಟ್ಟುವುದು. ಪರಿಚಯದಲ್ಲಿ ವೇಗವರ್ಧಕವನ್ನೇ ಹಾಗೆ ಕರೆದಿದ್ದರೆ ‘ಲೋಹ ಸಂಕೀರ್ಣ’ ಎಂದು ತಿದ್ದಿ. ಲೋಹಕ್ಕೆ ಅಂಟುವ ಫಾಸ್ಫೀನಿನಂಥ ಅಣುವಿನ ಹೆಸರಾದ ಲಿಗ್ಯಾಂಡ್ ಲಿಗ್ಯಾಂಡೇ ಇರಲಿ.